ನೋವು ಹೋದರೆ ಎಲುಬು ಕೂಡಿತು ಎಂದಲ್ಲ

ಮಾನ್ಯ ಸಂಪಾದಕರೇ,

ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಸ್ಕೋಲಿಯೋಸಿಸ್ ತೊಂದರೆಗೆ ದಾವಣಗೆರೆ, ಚಿತ್ರದುರ್ಗದ ಕಡೆಯ ಹುಡುಗ ಹುಡುಗಿಯರು ಬೆಂಗಳೂರಿಗೋ ಬೇರೊಂದು ದೊಡ್ಡ ಊರಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಆಪರೇಷನ್‌ಗೆ ಹಿಡಿಯುವುದು ನಾಲ್ಕರಿಂದ ಎಂಟು ತಾಸು, ಆಸ್ಪತ್ರೆಯಲ್ಲಿ ಇರುವುದು ಸುಮಾರು ಒಂದು ವಾರ. ಅಲ್ಲಿಂದ ಮುಂದಿನ ಒಂದು ವರ್ಷದ ಆರೈಕೆಯೆಲ್ಲ ನಮ್ಮೂರಿನ ಮನೆಗಳಲ್ಲೇ ಆಗಬೇಕು. ಅದಕ್ಕೆ ಮನೆಯವರ ಕೈಗೆ ಸಿಗುವುದು ಇಂಗ್ಲಿಷಿನ ಡಿಸ್ಚಾರ್ಜ್ ಸಮರಿ. ಅದರ ಕೊನೆಯಲ್ಲಿ ಬಗ್ಗಬಾರದು, ಭಾರ ಎತ್ತಬಾರದು, ಮೈ ತಿರುಚಬಾರದು ಎಂಬ ಒಂದು ಸಾಲು ಇರುತ್ತದೆ. ಎಷ್ಟು ಭಾರ, ಎಷ್ಟು ದಿನ, ಯಾತಕ್ಕೆ ಎಂಬುದನ್ನು ಯಾರೂ ಕೂತು ಹೇಳಿರುವುದಿಲ್ಲ. ಅದನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳೋಣ ಎಂದು ಈ ಪತ್ರ.

ಮನೆಯವರು ಎಡವುವುದು ಎರಡು ಕಡೆ. ಮೊದಲ ತಿಂಗಳು ಮಗಳನ್ನು ಹಾಸಿಗೆಯಿಂದ ಏಳಗೊಡುವುದಿಲ್ಲ. ಎರಡು ತಿಂಗಳು ಕಳೆದು ನೋವು ಇಳಿಯಿತೋ, ಆರಾಮಾದಳಲ್ಲ ಎಂದು ನೀರಿನ ಕೊಡ ಕೈಗೆ ಕೊಡುತ್ತಾರೆ. ಮೊದಲನೆಯದರಿಂದ ಚೇತರಿಕೆ ನಿಧಾನವಾಗುತ್ತದೆ. ಎರಡನೆಯದರಿಂದ ಮಾಡಿಸಿದ ಆಪರೇಷನ್ನೇ ಕೆಡಬಹುದು.

ಕಾರಣ ತಿಳಿಯಬೇಕಾದರೆ ಒಳಗೆ ಏನು ಮಾಡಿದ್ದಾರೆ ಎಂಬುದು ಗೊತ್ತಿರಬೇಕು. ಬಾಗು 45–50 ಡಿಗ್ರಿ ದಾಟಿದಾಗ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ. 50 ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು ಏರುತ್ತಾ ಹೋಗುವುದರಿಂದ ಇಪ್ಪತ್ತು, ಇಪ್ಪತ್ತೈದರ ವಯಸ್ಸಿನವರೂ ಇದಕ್ಕೆ ಒಳಗಾಗುತ್ತಾರೆ. ಬೆನ್ನಿನ ನಡುವೆ ಕೊಯ್ದು, ಮೂಳೆಗೆ ಅಂಟಿದ ಸ್ನಾಯುಗಳನ್ನು ಎರಡೂ ಬದಿಗೆ ಸರಿಸಿ, ಕೂಡಿಸಬೇಕಾದ ಕಶೇರುಕಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳಿಗೆ, ಸ್ಕ್ರೂ ಕೂರಿಸಿ, ಅವುಗಳಿಗೆ ಎರಡು ಲೋಹದ ರಾಡ್ ಬಿಗಿದು ಬೆನ್ನನ್ನು ಆದಷ್ಟು ನೇರಕ್ಕೆ ತರುತ್ತಾರೆ. ಆಮೇಲೆ ಕಶೇರುಕಗಳ ಹಿಂಬದಿಯನ್ನು ಕೆರೆದು, ಅಲ್ಲಿ ಮೂಳೆಯ ಚೂರುಗಳನ್ನು ಹರಡುತ್ತಾರೆ. ಆ ಚೂರುಗಳು ಬೆಳೆದು ಕಶೇರುಕಗಳನ್ನೆಲ್ಲ ಒಂದೇ ಗಟ್ಟಿ ಎಲುಬಾಗಿ ಕೂಡಿಸುವುದೇ ಈ ಚಿಕಿತ್ಸೆಯ ತಿರುಳು. ರಾಡ್ ಮತ್ತು ಸ್ಕ್ರೂಗಳ ಕೆಲಸ ತಾರಸಿ ಹಾಕುವಾಗಿನ ಸೆಂಟ್ರಿಂಗ್‌ನಂಥದು, ಎಲುಬು ಗಟ್ಟಿಯಾಗುವ ತನಕ ಹಿಡಿದು ನಿಲ್ಲಿಸುವುದು. ಎಲುಬು ಕೂಡಲು ಆರು ತಿಂಗಳಿಂದ ಒಂದು ವರ್ಷ ಬೇಕು. ಕೊಯ್ದ ಚರ್ಮ, ಸ್ನಾಯುಗಳ ನೋವು ಆರೆಂಟು ವಾರಕ್ಕೇ ಬಹಳ ಮಟ್ಟಿಗೆ ಇಳಿದುಬಿಡುತ್ತದೆ. ಈ ಎರಡು ಗಡುವುಗಳ ನಡುವಿನ ತಿಂಗಳುಗಳಲ್ಲಿ ದೇಹ ಆರಾಮಾಗಿದೆ ಅನ್ನುತ್ತದೆ, ಎಲುಬು ಇನ್ನೂ ಹಸಿಯಾಗಿಯೇ ಇರುತ್ತದೆ. ಆಗ ಪದೇ ಪದೇ ಬಗ್ಗಿದರೆ, ಭಾರ ಹೊತ್ತರೆ ಸ್ಕ್ರೂ ಸಡಿಲವಾಗಬಹುದು. ಎಲುಬು ಕೂಡದೇ ಹೋದರೆ ಭಾರವೆಲ್ಲ ಲೋಹದ ಮೇಲೇ ಬಿದ್ದು, ಅದು ದಣಿದು, ಒಂದೆರಡು ವರ್ಷದ ಮೇಲೂ ರಾಡ್ ಮುರಿಯುವುದುಂಟು.

ತಿಂಗಳುಗಟ್ಟಲೆ ಮಲಗಿಸಬೇಕೆಂಬ ಹಿರಿಯರ ಮಾತಿಗೂ ಒಂದು ಕಾಲದಲ್ಲಿ ಆಧಾರವಿತ್ತು. 1960ರ ದಶಕದಲ್ಲಿ ಹ್ಯಾರಿಂಗ್ಟನ್ ರಾಡ್ ಬಳಕೆಗೆ ಬಂದಾಗ ಮೇಲಿನ ತುದಿಗೊಂದು ಕೆಳಗಿನ ತುದಿಗೊಂದು ಕೊಕ್ಕೆ ಹಾಕಿ ಒಂದೇ ರಾಡ್ ಬಿಗಿಯುತ್ತಿದ್ದರು. ಹಿಡಿತ ಸಾಲದೆ ಮೈಗೆಲ್ಲ ಪ್ಲಾಸ್ಟರ್ ಹಾಕಿ ಮಲಗಿಸಬೇಕಾಗುತ್ತಿತ್ತು. ಈಗಿನ ಸ್ಕ್ರೂಗಳು ಹಲವು ಹಂತಗಳಲ್ಲಿ ಹಿಡಿದಿರುವುದರಿಂದ ಆಪರೇಷನ್ನಿನ ಮರುದಿನವೇ ಕೂರಿಸಿ, ಅಂದೋ ಅದರ ಮಾರನೆಯ ದಿನವೋ ನಡೆಸುತ್ತಾರೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ಕಫ ಕಟ್ಟಬಹುದು, ಮಲ ಗಟ್ಟಿಯಾಗುತ್ತದೆ, ಮೊದಲೇ ಸೋತ ಬೆನ್ನಿನ ಸ್ನಾಯು ಇನ್ನಷ್ಟು ಸೊರಗುತ್ತದೆ. ಮನೆಗೆ ಬಂದ ವಾರದಲ್ಲಿ ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಐದರಿಂದ ಹತ್ತು ನಿಮಿಷ ನಡೆಯಬೇಕು. ವಾರ ವಾರಕ್ಕೂ ಹೆಚ್ಚಿಸುತ್ತಾ ಆರು ವಾರದ ಹೊತ್ತಿಗೆ ಒಂದೇ ಸಲಕ್ಕೆ ಅರ್ಧ ತಾಸು ನಡೆಯುವಂತಾದರೆ ಒಳ್ಳೆಯದು. ಮೊದಮೊದಲು ಪಡಸಾಲೆ, ಆಮೇಲೆ ಓಣಿ, ಅದೂ ಆದ ಮೇಲೆ ಕುಂದುವಾಡ ಕೆರೆ ಏರಿಯೋ ಹೈಸ್ಕೂಲ್ ಮೈದಾನವೋ. ಒಂದೇ ಸಮನೆ ಕೂರುವುದು ಮಾತ್ರ ನಡೆಯುವುದಕ್ಕಿಂತ ಬೆನ್ನಿಗೆ ಕಷ್ಟ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಊರಿಗೆ ಕರೆತರುವ ದಾರಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಿಂದ ದಾವಣಗೆರೆ ಸುಮಾರು 260 ಕಿ.ಮೀ. ಕಾರಾದರೆ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ, ಸೊಂಟದ ಹಿಂದೆ ಚಿಕ್ಕ ದಿಂಬು ಇಟ್ಟು, ತಾಸಿಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ. ಹೊರಡುವ ಅರ್ಧ ತಾಸು ಮೊದಲು ನೋವಿನ ಮಾತ್ರೆಯ ಹೊತ್ತು ಬರುವಂತೆ ನೋಡಿಕೊಳ್ಳಿ. ರೈಲಾದರೆ ಕೆಳಗಿನ ಬರ್ತೇ ಬೇಕು. ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಹತ್ತಿಸಲೇಬೇಡಿ.

ಹಾಸಿಗೆಯಿಂದ ಏಳುವುದನ್ನು ಆಸ್ಪತ್ರೆಯಲ್ಲಿ ಕಲಿಸಿರುತ್ತಾರೆ, ಮನೆಗೆ ಬಂದ ಮೂರನೇ ದಿನಕ್ಕೆ ಮರೆತಿರುತ್ತದೆ. ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರುವಂತಿಲ್ಲ. ಒಂದಾದ ಮೇಲೊಂದು ಮಂಡಿ ಮಡಿಸಿ, ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳುವಂತೆ ಮಂಚದ ಅಂಚಿನ ಕಡೆ ಮಗ್ಗುಲಾಗಬೇಕು. ಕಾಲುಗಳನ್ನು ಕೆಳಗೆ ಇಳಿಬಿಡುತ್ತಲೇ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈ ಊರಿ ಏಳಬೇಕು. ಒಂದು ನಿಮಿಷ ಕೂತು, ತಲೆ ತಿರುಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಿಲ್ಲಬೇಕು. ಮಲಗುವಾಗ ಇದೇ ಕ್ರಮ ತಿರುಗುಮುರುಗು. ಸಹಾಯಕ್ಕೆ ನಿಂತವರು ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಭುಜದ ಹಿಂದೊಂದು, ಸೊಂಟದ ಹಿಂದೊಂದು ಅಂಗೈ ಆನಿಸಿದರೆ ಸಾಕು. ಮಂಚ ಮಂಡಿಯ ಎತ್ತರಕ್ಕಿರಬೇಕು. ಕುಗ್ಗುವ ನವಾರದ ಮಂಚ ಬೇಡ. ನೆಲದ ಮೇಲಿನ ಚಾಪೆಯೂ ಬೇಡ, ನೆಲ ಗಟ್ಟಿಯೆಂಬ ಕಾರಣಕ್ಕಲ್ಲ, ಅಲ್ಲಿಂದ ಏಳಬೇಕಾದರೆ ಬೆನ್ನು ಬಗ್ಗಲೇಬೇಕು ಎಂಬ ಕಾರಣಕ್ಕೆ. ಮಗ್ಗುಲಾಗಿ ಮಲಗಿದಾಗ ಮಂಡಿಗಳ ನಡುವೆ ದಿಂಬು ಇಟ್ಟರೆ ಸೊಂಟ ಜಗ್ಗುವುದಿಲ್ಲ.

ನಮ್ಮ ಕಡೆ ದೊಡ್ಡ ತೊಡಕು ಕಕ್ಕಸಿನದು. ಕುಕ್ಕರುಗಾಲಲ್ಲಿ ಕೂತರೆ ಸೊಂಟ ಗುಂಡಗಾಗಿ, ಕಶೇರುಕಗಳನ್ನು ಕೂಡಿಸಿದ ಭಾಗದ ಕೆಳತುದಿಯ ಸ್ಕ್ರೂಗಳ ಮೇಲೆ ಜಗ್ಗಾಟ ಬೀಳುತ್ತದೆ. ಹೊಸದಾಗಿ ಕಮೋಡ್ ಹಾಕಿಸಬೇಕೆಂದೇನಿಲ್ಲ. ಸರ್ಜಿಕಲ್ ಅಂಗಡಿಗಳಲ್ಲಿ ಸಿಗುವ, ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಇರುವ ಕಕ್ಕಸಿನ ಮೇಲೇ ಇಟ್ಟುಕೊಳ್ಳಬಹುದು. ಕಾಲಿನ ರಬ್ಬರ್ ಬುಶ್ ಸವೆದಿದ್ದರೆ ಒದ್ದೆ ನೆಲದಲ್ಲಿ ಜಾರುತ್ತದೆ, ಬಾಡಿಗೆಗೆ ತರುವಾಗ ಅದನ್ನು ನೋಡಿಕೊಳ್ಳಿ. ತೊಳೆದುಕೊಳ್ಳಲು ಹಿಂದಕ್ಕೆ ಕೈ ಚಾಚಿದರೆ ಮೈ ತಿರುಚುತ್ತದೆ, ಜೆಟ್ ಪೈಪ್ ಇದ್ದರೆ ಸಲೀಸು. ಸ್ನಾನಕ್ಕೂ ಹೀಗೇ: ಕೂರಲು ಒಂದು ಎತ್ತರದ ಸ್ಟೂಲ್, ಬಕೆಟ್ ಇಡಲು ಇನ್ನೊಂದು. ಬಕೆಟ್ ನೆಲದ ಮೇಲಿದ್ದರೆ ಚೊಂಬು ಅದ್ದಿದಷ್ಟು ಸಲವೂ ಬಗ್ಗಿದಂತೆ. ಹೊಲಿಗೆ ಬಿಚ್ಚುವ ತನಕ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಗಾಯಕ್ಕೆ ನೀರು ತಾಗದಿರಲಿ. ಅರಿಸಿನ, ಕೊಬ್ಬರಿ ಎಣ್ಣೆ, ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ.

ಇನ್ನು ಭಾರದ ಮಾತು. ಮೊದಲ ಆರರಿಂದ ಹನ್ನೆರಡು ವಾರ ಎರಡರಿಂದ ನಾಲ್ಕು ಕೆ.ಜಿ. ಮಿತಿ, ಸರ್ಜನ್ ಬೇರೆ ಹೇಳಿದ್ದರೆ ಅವರು ಹೇಳಿದ್ದು. ಈ ಸಂಖ್ಯೆಯನ್ನು ಅಡುಗೆಮನೆಗೆ ತಂದು ನೋಡಿ. 15 ಲೀಟರ್ ಬಕೆಟ್ ತುಂಬಿದರೆ 15 ಕೆ.ಜಿ., ಅರ್ಧ ತುಂಬಿದರೂ ಮಿತಿಯ ದುಪ್ಪಟ್ಟು. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನು 20 ಕೆ.ಜಿ. ಗ್ಯಾಸ್ ಸಿಲಿಂಡರ್‌ನಲ್ಲಿ ಅನಿಲವೇ 14.2 ಕೆ.ಜಿ., ಕಬ್ಬಿಣ ಸೇರಿ ಮೂವತ್ತರ ಹತ್ತಿರ. ಅಕ್ಕನ ಒಂದು ವರ್ಷದ ಕೂಸು ಎಂಟೊಂಬತ್ತು ಕೆ.ಜಿ. ಹಳ್ಳಿಯ ಹುಡುಗರಾದರೆ ಮೆಕ್ಕೆಜೋಳದ ಚೀಲ, ಅಡಿಕೆ ಮೂಟೆ ಕಣ್ಣೆದುರೇ ಇರುತ್ತವೆ, ಸುಗ್ಗಿಯಲ್ಲಿ ಸುಮ್ಮನೆ ಕೂರಲು ನಾಚಿಕೆ. ಅವರ ಮನೆಯವರು ಒಂದು ವರ್ಷ ಇವನನ್ನು ಲೆಕ್ಕಕ್ಕೆ ಹಿಡಿಯದೆ ಆಳು ಗೊತ್ತುಮಾಡಿಕೊಳ್ಳಬೇಕು. ಹೆಣ್ಣುಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಮೋಟು ಪೊರಕೆಯಲ್ಲಿ ಕಸ ಗುಡಿಸುವುದು, ನೆಲ ಒರೆಸುವುದು, ರಂಗೋಲಿ ಹಾಕುವುದು, ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ಇವನ್ನೆಲ್ಲ ಮನೆಯಲ್ಲಿ ಯಾರೂ ಭಾರದ ಕೆಲಸವೆಂದು ಎಣಿಸುವುದಿಲ್ಲ. ಬೆನ್ನಿಗೆ ಇವೆಲ್ಲವೂ ಬಗ್ಗುವ, ತಿರುಚುವ ಕೆಲಸಗಳೇ. ಕಟ್ಟೆಯ ಎತ್ತರದಲ್ಲಿ ನಿಂತು ತರಕಾರಿ ಹೆಚ್ಚುವುದು, ಒಲೆ ಮುಂದೆ ಸಾರು ಕುದಿಸುವುದಕ್ಕೆ ಅಡ್ಡಿಯಿಲ್ಲ.

ಮಾತ್ರೆಯಲ್ಲಿ ಆಗುವ ತಪ್ಪು ಒಂದಿದೆ, ಅದನ್ನು ಒತ್ತಿ ಹೇಳಬೇಕು. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ಆಸ್ಪತ್ರೆಯವರು ಬರೆದಿರುತ್ತಾರೆ. ಅದು ಸಾಲದೆಂದು ಮನೆಯವರು ಮೆಡಿಕಲ್ ಶಾಪಿನಿಂದ 650ರ ಪ್ಯಾರಾಸಿಟಮಾಲ್ ಬೇರೆ ತಂದು ಕೊಡುತ್ತಾರೆ. ಪ್ಯಾರಾಸಿಟಮಾಲ್ ಎರಡರಲ್ಲೂ ಇದೆ. ಹೀಗೆ ಕೂಡಿ ಕೂಡಿ ದಿನಕ್ಕೆ 4 ಗ್ರಾಂ ದಾಟಿದರೆ ಯಕೃತ್ತಿಗೆ ಪೆಟ್ಟು. ತೂಕ ಕಡಿಮೆಯಿರುವವರಿಗೆ ಮಿತಿ ಇನ್ನೂ ಕೆಳಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ಎಲುಬು ಕೂಡುವ ಮೊದಲ ತಿಂಗಳುಗಳಲ್ಲಿ ಬೇಡವೆನ್ನುವ ಸರ್ಜನ್‌ಗಳು ಬಹಳ ಮಂದಿ. ಕೇಳದೆ ಕೊಡಬೇಡಿ. ಟ್ರಮಡಾಲ್ ತಲೆ ತಿರುಗಿಸುತ್ತದೆ, ವಾಂತಿ ತರಿಸುತ್ತದೆ, ಹೊಟ್ಟೆ ಕಟ್ಟುತ್ತದೆ. ವಾರಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು. ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಕಾಯಬೇಡಿ, ಮಲ ಸಡಿಲಿಸುವ ಔಷಧ ಕೇಳಿ. ತಿಣುಕಿದರೆ ಬೆನ್ನಿಗೂ ನೋವು.

ಊಟದ ಪಥ್ಯ ಎಂಬ ಹೆಸರಿನಲ್ಲಿ ನಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೊಟ್ಟೆ ನಂಜು, ಬೇಳೆ ಕೀವು, ಶೇಂಗಾ ಪಿತ್ತ, ಮೊಸರು ಶೀತ ಎಂದು ಒಂದೊಂದನ್ನೇ ತೆಗೆದು ಕೊನೆಗೆ ಗಂಜಿ, ತಿಳಿಸಾರು ಉಳಿಯುತ್ತದೆ. ಗಾಯ ಮಾಯಲು, ಎಲುಬು ಬೆಳೆಯಲು ಬೇಕಾದದ್ದನ್ನೇ ಹೀಗೆ ತಪ್ಪಿಸಿದಂತಾಗುತ್ತದೆ. 50 ಕೆ.ಜಿ. ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು ಗ್ರಾಂ. ಗಟ್ಟಿ ಬೇಳೆ, ಮೊಳಕೆ ಕಾಳಿನ ಪಲ್ಯ, ಮೊಸರು ಸೇರಿಸಿ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಟ್ಟರೆ ಲೆಕ್ಕ ತುಂಬುತ್ತದೆ. ಆಪರೇಷನ್ನಿನಲ್ಲಿ ರಕ್ತ ಹೋಗಿರುತ್ತದಾದ್ದರಿಂದ ಕಬ್ಬಿಣದ ಮಾತ್ರೆ ಬರೆದಿರುತ್ತಾರೆ. ಅದನ್ನು ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಕೊಟ್ಟರೆ ಮೈಗೆ ಹತ್ತುವುದಿಲ್ಲ, ಎರಡು ತಾಸು ಅಂತರವಿರಲಿ. ಗುಟ್ಕಾ, ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು. ನಿಕೋಟಿನ್ ಇದ್ದಲ್ಲಿ ಎಲುಬು ಕೂಡುವುದು ಕಷ್ಟ, ಜಗಿದರೂ ಅದೇ ನಿಕೋಟಿನ್.

ಮೊದಲ ಒಂದೆರಡು ವಾರದಲ್ಲಿ ತೆಳ್ಳಗಿನವರಿಗೆ ಉಂಡ ಕೂಡಲೇ ಹೊಟ್ಟೆ ಉಬ್ಬಿ ಹಸಿರು ವಾಂತಿ ಪದೇ ಪದೇ ಆದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. ಬೆನ್ನು ನೆಟ್ಟಗಾದಾಗ ಹೊಟ್ಟೆಯೊಳಗಿನ ರಕ್ತನಾಳವೊಂದು ಸಣ್ಣ ಕರುಳಿನ ಮೊದಲ ಭಾಗವನ್ನು ಒತ್ತುವುದುಂಟು, ಅದಕ್ಕೆ ಆಸ್ಪತ್ರೆಯೇ ಬೇಕು. ಜ್ವರ 100.4 ಡಿಗ್ರಿ ದಾಟಿದರೆ, ಗಾಯದಿಂದ ಕೀವು ಅಥವಾ ನೀರು ಜಿನುಗಿದರೆ, ಕೂತಾಗ ತಲೆ ಸಿಡಿದು ಮಲಗಿದಾಗ ಇಳಿದರೆ, ಒಂದು ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ಸರ್ಜನ್‌ಗೆ ಫೋನ್ ಹೋಗಬೇಕು. ಉಸಿರುಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ಫೋನಿಗೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಬೇಕು. ಊರಿನ ವೈದ್ಯ ಮಿತ್ರರಲ್ಲೂ ಒಂದು ವಿನಂತಿ: ಗಾಯ ಜಿನುಗುತ್ತಿದೆ ಎಂದು ಬಂದವರಿಗೆ ಯಾವ ರೋಗಾಣು ಎಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ಕಳಿಸದೆ, ಆಪರೇಷನ್ ಮಾಡಿದವರೊಡನೆ ಮಾತಾಡದೆ ಆಂಟಿಬಯೋಟಿಕ್ ಶುರುಮಾಡಬೇಡಿ. ಮೇಲೆ ಒಣಗಿದಂತೆ ಕಂಡು ಒಳಗೆ ಲೋಹದ ಮೇಲೆ ಸೋಂಕು ಉಳಿದುಬಿಟ್ಟರೆ ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಹೆದರಬೇಕಿಲ್ಲದ ಸಂಗತಿಗಳೂ ಇವೆ. ಗಾಯದ ಅಕ್ಕಪಕ್ಕ ಜೋಮು ತಿಂಗಳುಗಟ್ಟಲೆ ಇರುತ್ತದೆ, ಸ್ವಲ್ಪ ಭಾಗ ಶಾಶ್ವತವಾಗಿಯೂ ಉಳಿಯಬಹುದು. ಅಲ್ಲಿ ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ, ಆದ್ದರಿಂದ ಇಡಬೇಡಿ. ನೆಟ್ಟಗಾದ ಮೈಯೇ ಸೊಟ್ಟಗಿದೆ ಎನ್ನಿಸುವುದು ಮೊದಲ ವಾರಗಳಲ್ಲಿ ಸಹಜ, ಮೆದುಳು ಹಳೆಯ ಭಂಗಿಗೇ ಒಗ್ಗಿರುತ್ತದೆ. ಎತ್ತರ ಕೆಲವು ಸೆಂಟಿಮೀಟರ್ ಹೆಚ್ಚಿರುತ್ತದೆ, ಹಳೆಯ ರವಿಕೆ, ಕುರ್ತಾ ಕೂರುವುದಿಲ್ಲ. ಎರಡು-ಮೂರನೇ ವಾರದಲ್ಲಿ ಕಾರಣವಿಲ್ಲದೆ ಅಳು, ನಿದ್ದೆ ಬಾರದಿರುವುದು, ಯಾತಕ್ಕಾದರೂ ಮಾಡಿಸಿಕೊಂಡೆನೋ ಎಂಬ ಕೊರಗು ಬರುವುದುಂಟು. ಬೈದು ಧೈರ್ಯ ಹೇಳುವ ಬದಲು ಜೊತೆಗೆ ಕೂತು ಕೇಳಿ. ಕೊರಗು ಬಿಡದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮೂರು ತಿಂಗಳಾದ ಮೇಲೆ ಬರುವ ಸಲಹೆಗಾರರು ಬೇರೆ. ಒಬ್ಬರು ಬೆಲ್ಟ್ ಕಟ್ಟಿಕೋ ಅನ್ನುತ್ತಾರೆ. ಸರ್ಜನ್ ಬರೆಯದಿದ್ದರೆ ಬೇಡ, ಅದು ಸ್ನಾಯುವನ್ನು ಸೋಮಾರಿ ಮಾಡುತ್ತದೆ. ಇನ್ನೊಬ್ಬರು ಎಣ್ಣೆ ಹಾಕಿ ತಿಕ್ಕಿಸಿ, ನೆಟಿಗೆ ತೆಗೆಸಿ ಅನ್ನುತ್ತಾರೆ. ಖಂಡಿತಾ ಬೇಡ. ಮತ್ತೊಬ್ಬರು ಯೋಗ ಅನ್ನುತ್ತಾರೆ. ಉಸಿರಾಟ, ಕೈಕಾಲಿನ ಸರಳ ಚಲನೆ ಸರಿ. ಹಲಾಸನ, ಧನುರಾಸನ, ಶೀರ್ಷಾಸನ ಬೇಡ. ಕೂಡಿಸಿದ ಭಾಗ ಬಗ್ಗುವುದೇ ಇಲ್ಲವಾದ್ದರಿಂದ ಆ ಜಗ್ಗಾಟವೆಲ್ಲ ಅದರ ಕೆಳಗೆ ಕಶೇರುಕಗಳ ನಡುವೆ ಇರುವ ಒಂದೆರಡು ಮೆತ್ತೆಗಳ (ಡಿಸ್ಕ್) ಮೇಲೆ ಬೀಳುತ್ತದೆ. ಹರಕೆಯದೂ ಇದೇ ಮಾತು. ಆಪರೇಷನ್ ಸುಸೂತ್ರವಾದರೆ ಮಗಳ ಕೈಲಿ ದೀಡ್ ನಮಸ್ಕಾರ ಹಾಕಿಸುತ್ತೇನೆ, ಉರುಳು ಸೇವೆ ಮಾಡಿಸುತ್ತೇನೆ ಎಂದು ಹೊತ್ತ ತಾಯಂದಿರಿದ್ದಾರೆ. ಅವರ ಭಕ್ತಿಗೆ ಗೌರವವಿಟ್ಟೇ ಹೇಳುತ್ತೇವೆ, ಬೇರೆ ಸೇವೆಯಾಗಿ ಹರಕೆ ತೀರಿಸಲು ಪೂಜಾರಿಗಳನ್ನು ಕೇಳಿ, ಇಲ್ಲವೇ ಎಲುಬು ಕೂಡಿದೆ ಎಂದು ಸರ್ಜನ್ ಹೇಳುವ ತನಕ ಮುಂದೂಡಿ. ಬೈಕ್, ಸ್ಕೂಟಿ ಸುಮಾರು ಮೂರು ತಿಂಗಳ ಮೇಲೆ, ಅದೂ ಒಪ್ಪಿಗೆ ಸಿಕ್ಕರೆ. ಹಿಂದೆ ಕೂರುವುದೂ ಅಷ್ಟೇ, ಹಂಪಿನ ಏಟು ಹಿಂದೆ ಕೂತವರಿಗೇ ಹೆಚ್ಚು. ಕೂತು ಮಾಡುವ ನೌಕರಿಗೆ ಆರರಿಂದ ಹನ್ನೆರಡು ವಾರ, ಮೈಮುರಿದು ದುಡಿಯುವ ಕೆಲಸಕ್ಕೆ ಆರು ತಿಂಗಳಿಂದ ವರ್ಷ. ಕಬಡ್ಡಿಯಂಥ ಆಟಕ್ಕೆ ಒಂದು ವರ್ಷದ ಎಕ್ಸ್-ರೇ ನೋಡಿದ ಮೇಲಷ್ಟೇ ಮಾತು.

ಎಕ್ಸ್-ರೇ ಸಾಮಾನ್ಯವಾಗಿ ಆರು ವಾರ, ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ಎರಡನೇ ವರ್ಷಕ್ಕೆ. ಅದು ಕುತ್ತಿಗೆಯಿಂದ ಸೊಂಟದವರೆಗಿನ ಇಡೀ ಬೆನ್ನಿನದಾಗಿರಬೇಕು, ನಿಂತೇ ತೆಗೆಯಬೇಕು, ಎದುರಿನಿಂದೊಂದು ಪಕ್ಕದಿಂದೊಂದು. ಮಲಗಿಸಿ ಅರ್ಧರ್ಧ ತೆಗೆದದ್ದನ್ನು ಹಳೆಯದಕ್ಕೆ ಹೋಲಿಸಲು ಬರುವುದಿಲ್ಲ. ಸೆಂಟರಿಗೆ ಹೋಗುವ ಮೊದಲೇ ಇಡೀ ಬೆನ್ನನ್ನು ಜೋಡಿಸಿ ಒಂದೇ ಚಿತ್ರವಾಗಿ ಕೊಡುತ್ತೀರಾ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಯಾವ ಕಶೇರುಕದಿಂದ ಯಾವುದರವರೆಗೆ ಕೂಡಿಸಿದ್ದಾರೆ, ಯಾವ ಲೋಹ ಎಂದು ಬರೆದ ಹಾಳೆ, ಒಳಗೆ ಹಾಕಿದ ರಾಡ್, ಸ್ಕ್ರೂಗಳ ವಿವರವಿರುವ ಇಂಪ್ಲಾಂಟ್ ಸ್ಟಿಕ್ಕರ್, ಇವುಗಳ ಫೋಟೊ ಮೊಬೈಲಿನಲ್ಲಿರಲಿ. ಮುಂದೆ ಎಂಆರ್‌ಐ ಮಾಡಿಸುವಾಗ, ಹೆರಿಗೆಯಲ್ಲಿ ಬೆನ್ನಿಗೆ ಅರಿವಳಿಕೆ ಕೊಡುವ ಪ್ರಸಂಗ ಬಂದಾಗ ಅದನ್ನೇ ಕೇಳುತ್ತಾರೆ. ಮದುವೆಯ ಮಾತು ಬಂದಾಗ ಮುಚ್ಚಿಡುವ ಕುಟುಂಬಗಳಿಗೆ ಇಷ್ಟು ಹೇಳಬಹುದು: ಎಲುಬು ಕೂಡಿದ ಮೇಲೆ ಬಸಿರು, ಹೆರಿಗೆಗೆ ಈ ಆಪರೇಷನ್ ತಾನಾಗಿಯೇ ಅಡ್ಡಿಯಲ್ಲ.

ಕಾಲೇಜುಗಳಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಒರಗು ಇಲ್ಲದ ಬೆಂಚಿನ ಬದಲು ಒಂದು ಕುರ್ಚಿ, ಸಾಧ್ಯವಾದರೆ ನೆಲಮಹಡಿಯ ತರಗತಿ, ಪಾಠದ ನಡುವೆ ಎರಡು ನಿಮಿಷ ಹಿಂದೆ ನಿಲ್ಲಲು ಅನುಮತಿ, ಮನೆಯಲ್ಲೊಂದು ಕಾಲೇಜಿನಲ್ಲೊಂದು ಪುಸ್ತಕ ಇಟ್ಟುಕೊಂಡು ಬ್ಯಾಗು ಹಗುರ ಮಾಡಿಕೊಳ್ಳುವ ಅವಕಾಶ, ಮೂರು ತಾಸಿನ ಪರೀಕ್ಷೆಯಲ್ಲಿ ಎದ್ದು ನಿಲ್ಲಲು ಬಿಡುವು, ಹಾಜರಾತಿ ಕಡಿಮೆಯಾದಾಗ ವೈದ್ಯರ ಪತ್ರಕ್ಕೆ ಬೆಲೆ.

ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ಕೇಳುವುದು ಒಂದೇ ಒಂದು ಹಾಳೆ, ಕನ್ನಡದಲ್ಲಿ. ಎತ್ತಬಹುದಾದ ತೂಕ ಕೆ.ಜಿ.ಯಲ್ಲಿ ಮತ್ತು ಅದು ಯಾವ ತಾರೀಖಿನವರೆಗೆ, ಒಮ್ಮೆಗೆ ಎಷ್ಟು ಹೊತ್ತು ಕೂರಬಹುದು, ಗಾಡಿ ಯಾವಾಗ ಹತ್ತಬಹುದು, ಯಾವ ಮಾತ್ರೆಯ ಜೊತೆ ಯಾವುದು ಕೂಡದು, ಮುಂದಿನ ಎಕ್ಸ್-ರೇ ಯಾವಾಗ, ರಾತ್ರಿ ಹೊತ್ತು ಎತ್ತುವ ಫೋನ್ ನಂಬರ್ ಯಾವುದು ಎಂದು ಅದರಲ್ಲಿ ಕೈಯಲ್ಲೇ ತುಂಬಿಸಿ ಕೊಡಲಿ. ಇಲ್ಲಿನ ಜಿಲ್ಲಾ ಆಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು ವಾರದಲ್ಲಿ ಒಂದು ದಿನ ಬೆನ್ನುಮೂಳೆ ಆಪರೇಷನ್ ಆದವರಿಗೆಂದೇ ಫಿಜಿಯೋಥೆರಪಿ ಸಮಯ ಗೊತ್ತುಮಾಡಿದರೆ, ಜಗಳೂರು, ಮೊಳಕಾಲ್ಮೂರಿನಂಥ ದೂರದ ತಾಲ್ಲೂಕಿನವರು ಆ ಹಾಳೆ ಹಿಡಿದು ಬೆಂಗಳೂರಿನವರೆಗೆ ಹೋಗದೆ ಇಲ್ಲಿಗೇ ಬರಬಹುದು.

ಇತಿ,
ಬೆನ್ನುಮೂಳೆ ಆಪರೇಷನ್ ಆದವರ ಆರೈಕೆಯಲ್ಲಿರುವ ಫಿಜಿಯೋಥೆರಪಿಸ್ಟ್ ಮತ್ತು ನರ್ಸಿಂಗ್ ಸಿಬ್ಬಂದಿ
ದಾವಣಗೆರೆ